ಐಕ್ಯ ಮತ್ತು ಹಿರಿತನ: ಬಾಸೆಲ್ ಮಿಷನ್ ಪರಂಪರೆಯ ಕನ್ನಡ ಕ್ರೈಸ್ತಸಭೆಗಳು

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಬಾಸೆಲ್ ಮಿಷನ್ನಿನ ಹೆಸರು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ ಮಾತ್ರ. ‘ಮಂಗಳೂರ ಸಮಾಚಾರ’ ಪತ್ರಿಕೆ, ಕಲ್ಲಚ್ಚಿನ ಮುದ್ರಣ, ಪ್ರಾಚೀನ ಕೃತಿಗಳ ಪ್ರಕಟಣೆ ಹಾಗೂ ಕಿಟ್ಟೆಲ್ ನಿಘಂಟು ಇವುಗಳನ್ನು ಕುರಿತ ಅಧ್ಯಯನಗಳು ವಿಪುಲವಾಗಿ ನಡೆದಿವೆ. ಆದರೆ ಈ ವಿದ್ವಾಂಸರ ಮುಖ್ಯ ಕಾರ್ಯವಾಗಿದ್ದ ಸಭೆಯ ಸ್ಥಾಪನೆ, ಆ ಸಭೆಯನ್ನು ಸೇರಿದ ಕನ್ನಡ ಹಾಗೂ ತುಳು ಮಾತಿನ ಜನರು, ಅವರು ರೂಪಿಸಿಕೊಂಡ ಸಾಮುದಾಯಿಕ ಬದುಕು ಇವು ಸಾಹಿತ್ಯದ ವಿದ್ಯಾರ್ಥಿಗಳ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ನಿಘಂಟು ಉಳಿಯಿತು, ನಿಘಂಟುಕಾರನ ಸಭೆ ಏನಾಯಿತು ಎಂಬ ಪ್ರಶ್ನೆ ಹಿಂದೆ ಸರಿಯಿತು.

ಬಾಸೆಲ್ ಮಿಷನ್ ಸ್ಥಾಪಿಸಿದ ಸಭೆಗಳು ಇಂದು ದಕ್ಷಿಣ ಭಾರತ ಸಭೆಯ, ಅಂದರೆ ಜನಬಳಕೆಯಲ್ಲಿ ಸಿ.ಎಸ್.ಐ. ಎಂದು ಪ್ರಸಿದ್ಧವಾದ ಸಂಸ್ಥೆಯ ಭಾಗವಾಗಿವೆ. ಬೇರೆ ಬೇರೆ ಪಂಥಗಳಿಗೆ ಸೇರಿದ ಪ್ರಾಟೆಸ್ಟೆಂಟ್ ಸಭೆಗಳು ೧೯೪೭ರಲ್ಲಿ ಒಂದುಗೂಡಿ ಈ ಸಭೆ ಅಸ್ತಿತ್ವಕ್ಕೆ ಬಂದಿತು. ಈ ಒಂದುಗೂಡುವಿಕೆಯ ಚರಿತ್ರೆಯನ್ನು ಪರಿಶೀಲಿಸಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ನಂಬಿಕೆಯ ವಿಷಯದಲ್ಲಿ ಸಭೆಗಳ ನಡುವೆ ಒಮ್ಮತ ಮೂಡುವುದು ಅಷ್ಟೇನೂ ಕಷ್ಟವಾಗಲಿಲ್ಲ. ಸಭೆಯನ್ನು ನಡೆಸುವವರು ಯಾರು, ಅವರಿಗೆ ಆ ಅಧಿಕಾರ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯೇ ದೀರ್ಘಕಾಲದ ಚರ್ಚೆಗೆ ಕಾರಣವಾಯಿತು. ಐಕ್ಯದ ಪ್ರಶ್ನೆ ಈ ಸಭೆಗಳಲ್ಲಿ ಎಂದಿಗೂ ಹಿರಿತನದ ಪ್ರಶ್ನೆಯಾಗಿಯೇ ಎದುರಾಗಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

೧. ಸಭೆಯ ಹುಟ್ಟು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪನೆಗೊಂಡ ಈ ಮಿಷನ್, ಭಾರತದಲ್ಲಿ ಕಾರ್ಯಾರಂಭ ಮಾಡಿದ್ದು ೧೮೩೪ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಸನ್ನದು ೧೮೩೩ರಲ್ಲಿ ನವೀಕರಣಗೊಂಡಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿಯ ಪ್ರದೇಶಗಳಲ್ಲಿ ನೆಲೆಸಲು ಅವಕಾಶ ದೊರೆಯಿತು. ಮರುವರ್ಷವೇ ಸ್ಯಾಮುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ಆನಂತರ ಗದಗ-ಬೆಟಗೇರಿ ಹಾಗೂ ಮಲಬಾರಿನ ತಲಶ್ಶೇರಿ, ಕಣ್ಣೂರುಗಳಲ್ಲಿ ಕೇಂದ್ರಗಳು ತೆರೆದುಕೊಂಡವು. ೧೮೩೬ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ೧೮೪೩ರ ಜುಲೈನಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದನು. ೧೮೫೩ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್‌ನ ನಿಘಂಟು ೧೮೯೪ರಲ್ಲಿ ಹೊರಬಂದಿತು.

ಕರಾವಳಿಯಲ್ಲಿ ಸಭೆಯನ್ನು ಸೇರಿದವರಲ್ಲಿ ಬಿಲ್ಲವರ ಸಂಖ್ಯೆ ಗಣನೀಯವಾಗಿತ್ತು. ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯ ೧೮೪೪ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದನು. ಮೋಗ್ಲಿಂಗ್ ಮತ್ತು ಕೌಂಡಿನ್ಯರು ೧೮೫೩ರಿಂದ ಕೊಡಗಿನಲ್ಲಿ ಕೆಲಸ ಮಾಡತೊಡಗಿದಾಗ ಹೊಲೆಯ ಸಮುದಾಯದ ಜನರು ಸಭೆಗೆ ಬಂದರು. ಅವರಿಗಾಗಿ ನಿರ್ಮಾಣಗೊಂಡ ಆನಂದಪುರ ಗ್ರಾಮ ಇಂದಿಗೂ ಆನಂದರಾವನ ಹೆಸರನ್ನು ಉಳಿಸಿಕೊಂಡಿದೆ. ಹೀಗೆ ಒಂದೇ ಪಂಕ್ತಿಯಲ್ಲಿ ಎಂದೂ ಕುಳಿತಿರದ ಜನರು ಒಂದೇ ಸಭೆಯಲ್ಲಿ, ಒಂದೇ ಪಾತ್ರೆಯಿಂದ ಕರ್ತನ ಭೋಜನವನ್ನು ಸ್ವೀಕರಿಸಬೇಕಾದ ಸನ್ನಿವೇಶ ನಿರ್ಮಾಣವಾಯಿತು. ಜಾತಿಯ ಆಚರಣೆಗೆ ಸಭೆಯೊಳಗೆ ಎಡೆಯಿಲ್ಲ ಎಂಬುದು ಬಾಸೆಲ್ ಮಿಷನರಿಗಳ ನಿಲುವಾಗಿತ್ತು. ಐಕ್ಯ ಎಂಬುದರ ಮೊದಲ ಅರ್ಥವನ್ನು ಈ ಜನರು ದೇವಶಾಸ್ತ್ರದ ಗ್ರಂಥದಿಂದ ಕಲಿಯಲಿಲ್ಲ. ಆ ಒಂದು ಪಾತ್ರೆಯಿಂದ ಕಲಿತರು.

ಭಾಷೆಯ ದೃಷ್ಟಿಯಿಂದಲೂ ಈ ಸಭೆ ಏಕರೂಪದ್ದಾಗಿರಲಿಲ್ಲ. ದಕ್ಷಿಣ ಕನ್ನಡದ ಸಭಿಕರಲ್ಲಿ ಹೆಚ್ಚಿನವರ ಮನೆಮಾತು ತುಳು. ಗ್ರೈನರ್ ಮಾಡಿದ ಹೊಸ ಒಡಂಬಡಿಕೆಯ ತುಳು ಅನುವಾದ ೧೮೪೭ರಲ್ಲಿ ಪ್ರಕಟವಾಯಿತು. ಬ್ರಿಗೆಲ್‌ನ ತುಳು ವ್ಯಾಕರಣ ೧೮೭೨ರಲ್ಲೂ ಮೆನ್ನರ್‌ನ ತುಳು ನಿಘಂಟು ೧೮೮೬ರಲ್ಲೂ ಹೊರಬಂದವು. ಆದರೂ ಶಾಲೆ, ಮುದ್ರಣ ಮತ್ತು ಸೆಮಿನರಿಗಳಲ್ಲಿ ಕನ್ನಡವೇ ಪ್ರಧಾನವಾಯಿತು. ತುಳು ಅಚ್ಚಾದದ್ದೂ ಕನ್ನಡ ಲಿಪಿಯಲ್ಲಿ. ಈ ಕಾರಣದಿಂದ ಕರಾವಳಿಯ ಸಭೆಗಳು ಧಾರವಾಡ, ಹುಬ್ಬಳ್ಳಿಗಳ ಸಭೆಗಳೊಡನೆ ಒಂದು ಸಾಮಾನ್ಯ ಧಾರ್ಮಿಕ ಭಾಷೆಯನ್ನು ಹಂಚಿಕೊಂಡವು. ಮುಂದೆ ಕನ್ನಡ ಪ್ರದೇಶದ ಸಭೆಗಳು ಒಂದು ಆಡಳಿತದ ಕೆಳಗೆ ಬರುವುದಕ್ಕೆ ಈ ಭಾಷಿಕ ಐಕ್ಯ ಪೂರ್ವಸಿದ್ಧತೆಯಂತೆ ಒದಗಿಬಂದಿತು.

೨. ಮಿಶ್ರಪರಂಪರೆ

ಬಾಸೆಲ್ ಮಿಷನ್ ಯಾವುದೇ ಒಂದು ಪಂಥದ ಸಂಸ್ಥೆಯಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅದರ ಆಡಳಿತ ಸಮಿತಿಯಿದ್ದ ಬಾಸೆಲ್ ನಗರ ರಿಫಾರ್ಮ್ಡ್ ಪಂಥಕ್ಕೆ ಸೇರಿದ್ದು. ಅಲ್ಲಿಗೆ ತರಬೇತಿಗಾಗಿ ಬರುತ್ತಿದ್ದ ಯುವಕರಲ್ಲಿ ಬಹುಪಾಲು ಜನರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರದೇಶದ ಲೂಥರನ್ನರು. ಪವಿತ್ರ ಭೋಜನದಲ್ಲಿ ಕ್ರಿಸ್ತನ ಸಾನ್ನಿಧ್ಯ ಯಾವ ಬಗೆಯದು ಎಂಬ ವಿಷಯದಲ್ಲಿ ಈ ಎರಡು ಪಂಥಗಳು ೧೬ನೆಯ ಶತಮಾನದಿಂದಲೂ ಭಿನ್ನಮತ ಹೊಂದಿದ್ದವು. ಇವರನ್ನು ಒಂದುಗೂಡಿಸಿದ್ದು ಪಯಟಿಸಮ್ ಎಂದು ಕರೆಯಲಾಗುವ ಭಕ್ತಿಪಂಥ. ವೈಯಕ್ತಿಕ ಪರಿವರ್ತನೆ, ದಿನನಿತ್ಯದ ಬೈಬಲ್ ಪಠಣ, ಶ್ರಮನಿಷ್ಠೆ, ಸರಳ ಜೀವನ ಇವು ಸಿದ್ಧಾಂತದ ಸೂಕ್ಷ್ಮಗಳಿಗಿಂತ ಮುಖ್ಯ ಎಂಬ ಭಾವನೆ ಈ ಪಂಥದ ತಿರುಳಾಗಿತ್ತು. ಬಾಸೆಲ್‌ನಲ್ಲಿ ತರಬೇತಿ ಪಡೆದ ಹಲವರು ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಮಿಷನ್ ಸಂಘದಲ್ಲಿಯೂ ಸೇವೆ ಸಲ್ಲಿಸಿದರು.

ಈ ಮಿಶ್ರಗುಣ ಕನ್ನಡ ಸಭೆಗಳಿಗೂ ಹರಿದುಬಂದಿತು. ಲೂಥರನ ಕಿರುಪ್ರಶ್ನೋತ್ತರಿಯ ಪಾಠ, ಜರ್ಮನ್ ರಾಗಗಳಿಗೆ ಹೊಂದಿಸಿದ ಕನ್ನಡ ಸಂಗೀತಗಳು, ದೃಢೀಕರಣದ ಮುನ್ನ ನಡೆಯುವ ದೀರ್ಘ ಬೋಧನೆ ಇವು ಲೂಥರನ್ ಮೂಲದವು. ಸಭೆಯ ವ್ಯವಹಾರವನ್ನು ಸಭಾಪಾಲಕನೊಡನೆ ಹಿರಿಯರ ಮಂಡಳಿಯು ನೋಡಿಕೊಳ್ಳುವ ಕ್ರಮ ರಿಫಾರ್ಮ್ಡ್ ಮೂಲದ್ದು. ಹೀಗಾಗಿ ೧೯೪೭ರ ಐಕ್ಯ ಈ ಸಭೆಗಳಿಗೆ ಹೊರಗಿನಿಂದ ಬಂದ ಹೊಸ ತತ್ತ್ವವಾಗಿರಲಿಲ್ಲ. ಎರಡು ಪಂಥಗಳ ಬೆಸುಗೆಯಲ್ಲಿಯೇ ಹುಟ್ಟಿದ ಪರಂಪರೆ ಇನ್ನೂ ದೊಡ್ಡದಾದ ಬೆಸುಗೆಯೊಂದರ ಭಾಗವಾಯಿತು ಎಂದು ಹೇಳುವುದು ಹೆಚ್ಚು ಸಮಂಜಸ. ದಕ್ಷಿಣ ಭಾರತದ ಲೂಥರನ್ ಸಭೆಗಳು ಈ ಐಕ್ಯದಿಂದ ಹೊರಗುಳಿದಾಗಲೂ ಲೂಥರನ್ ಅಂಶಗಳು ಧಾರಾಳವಾಗಿದ್ದ ಬಾಸೆಲ್ ಸಭೆಗಳು ಒಳಗೆ ಬಂದದ್ದಕ್ಕೆ ಈ ಹಿನ್ನೆಲೆ ಒಂದು ಮುಖ್ಯ ಕಾರಣ.

೩. ಹಿರಿಯರು, ಉಪದೇಶಿಗಳು, ಮಿಷನರಿಗಳು

ನಂಬಿಕೆಯ ವಿಷಯದಲ್ಲಿ ಇಷ್ಟು ಉದಾರವಾಗಿದ್ದ ಮಿಷನ್, ಅಧಿಕಾರದ ವಿಷಯದಲ್ಲಿ ಹಾಗಿರಲಿಲ್ಲ. ಸಭೆಯ ಶ್ರೇಣಿಯಲ್ಲಿ ಕೆಳಗಿನಿಂದ ಮೇಲಕ್ಕೆ ಹಿರಿಯರು, ಶಾಲಾ ಉಪಾಧ್ಯಾಯರು, ಉಪದೇಶಿಗಳು, ದೀಕ್ಷೆ ಪಡೆದ ದೇಶೀಯ ಸಭಾಪಾಲಕರು, ಅವರ ಮೇಲೆ ಮಿಷನರಿಗಳು ಇದ್ದರು. ಮಿಷನರಿಗಳ ಮೇಲೆ ಬಾಸೆಲ್‌ನ ಸಮಿತಿ ಇತ್ತು. ಮಿಷನ್ನಿನ ಇನ್‌ಸ್ಪೆಕ್ಟರ್ ಯೋಸೆಫ್ ಯೋಸೆನ್‌ಹಾನ್ಸ್ ೧೮೫೧-೫೨ರಲ್ಲಿ ಭಾರತಕ್ಕೆ ಬಂದು ಎಲ್ಲ ಕೇಂದ್ರಗಳನ್ನು ಪರಿಶೀಲಿಸಿದ ಮೇಲೆ ಕೇಂದ್ರೀಕೃತ ಆಡಳಿತ ಇನ್ನಷ್ಟು ಬಲಗೊಂಡಿತು. ಆನಂದರಾವ್ ಕೌಂಡಿನ್ಯ ಬಾಸೆಲ್‌ನಲ್ಲಿ ವ್ಯಾಸಂಗ ಮಾಡಿ, ದೀಕ್ಷೆ ಪಡೆದು, ೧೮೫೧ರಲ್ಲಿ ಹಿಂದಿರುಗಿದ್ದು ಆ ಕಾಲಕ್ಕೆ ಅಪವಾದವೇ ಸರಿ. ದೇಶೀಯ ಸೇವಕರಲ್ಲಿ ಬಹುಸಂಖ್ಯಾತರು ಉಪದೇಶಿಗಳಾಗಿಯೇ ಆಯುಷ್ಯ ಕಳೆದರು.

ಇದಕ್ಕೆ ಆರ್ಥಿಕ ಕಾರಣವೂ ಇತ್ತು. ಸಭೆಗೆ ಸೇರಿದವರು ಹಲವು ವೇಳೆ ಮನೆ, ಜಮೀನು, ಕುಲಕಸುಬುಗಳಿಂದ ಹೊರದೂಡಲ್ಪಡುತ್ತಿದ್ದರು. ಅವರಿಗೆ ಜೀವನೋಪಾಯ ಕಲ್ಪಿಸಲು ಮಿಷನ್ ಮುದ್ರಣಾಲಯ, ನೇಯ್ಗೆ ಹಾಗೂ ಹಂಚಿನ ಕಾರ್ಖಾನೆಗಳನ್ನು ತೆರೆಯಿತು. ಜಾರ್ಜ್ ಪ್ಲೆಬ್ಸ್ಟ್ ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆ ಇಡೀ ಕರಾವಳಿಯ ವಾಸ್ತುಸ್ವರೂಪವನ್ನೇ ಬದಲಿಸಿತು. ಆದರೆ ಇದರ ಇನ್ನೊಂದು ಮುಖವೆಂದರೆ ಸಭಿಕನಿಗೆ ದೀಕ್ಷಾಸ್ನಾನ ಕೊಡುವವನೂ ಕೂಲಿ ಕೊಡುವವನೂ ಒಂದೇ ಸಂಸ್ಥೆಯವನಾದದ್ದು. ಸಭೆಯ ಶಿಸ್ತಿಗೆ ಒಳಪಡುವುದು ಮತ್ತು ಕೆಲಸ ಉಳಿಸಿಕೊಳ್ಳುವುದು ಪರಸ್ಪರ ಹೆಣೆದುಕೊಂಡಿದ್ದವು. ಇಂಥ ಸ್ಥಿತಿಯಲ್ಲಿ ಹಿರಿಯರ ಮಂಡಳಿಗೆ ಸ್ವತಂತ್ರ ಧ್ವನಿ ಇರುವುದು ಸುಲಭಸಾಧ್ಯವಾಗಿರಲಿಲ್ಲ. ಹಳ್ಳಿಯ ಬದುಕಿನಲ್ಲಿ ‘ಹಿರಿಯ’ ಎಂಬ ಮಾತಿಗೆ ವಯಸ್ಸು, ಮನೆತನ, ಜಮೀನುಗಳ ಬಲವಿತ್ತು. ಸಭೆಯ ಹಿರಿಯನಿಗೆ ಈ ಯಾವ ಬಲವೂ ಬೇಕಿರಲಿಲ್ಲ. ಬಿಲ್ಲವನೋ ಹೊಲೆಯನೋ ನೇಕಾರನೋ ಆಗಿದ್ದವನು ನಡತೆಯ ಬಲದಿಂದಲೇ ಹಿರಿಯನಾಗಬಹುದಿತ್ತು. ಸಾಮಾಜಿಕವಾಗಿ ಇದು ದೊಡ್ಡ ಪಲ್ಲಟ. ಆದರೆ ಆ ಹಿರಿತನದ ಮೇಲೆ ಇನ್ನೊಂದು ಹಿರಿತನವಿತ್ತು ಎಂಬುದೂ ಅಷ್ಟೇ ನಿಜ.

೪. ೧೯೧೪ರ ಬಿಕ್ಕಟ್ಟು

ಮೊದಲನೆಯ ಮಹಾಯುದ್ಧ ಈ ವ್ಯವಸ್ಥೆಯನ್ನು ಅನಿರೀಕ್ಷಿತವಾಗಿ ಕದಲಿಸಿತು. ಬಾಸೆಲ್ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಮಿಷನರಿಗಳಲ್ಲಿ ಹೆಚ್ಚಿನವರು ಜರ್ಮನ್ನರಾಗಿದ್ದುದರಿಂದ ಬ್ರಿಟಿಷ್ ಸರಕಾರ ಅವರನ್ನು ಶತ್ರುದೇಶದ ಪ್ರಜೆಗಳೆಂದು ಬಂಧನದಲ್ಲಿರಿಸಿ, ಬಳಿಕ ಸ್ವದೇಶಕ್ಕೆ ಕಳುಹಿಸಿತು. ಹಂಚು ಮತ್ತು ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ವಶವಾದವು. ಎಂಬತ್ತು ವರ್ಷಗಳಿಂದ ಸಭೆಯ ಮೇಲಿದ್ದ ಎರಡು ಹಿಡಿತಗಳು, ಅಂದರೆ ಮಿಷನರಿಯ ಹಿಡಿತ ಮತ್ತು ಮಾಲಿಕನ ಹಿಡಿತ, ಕೆಲವೇ ವರ್ಷಗಳಲ್ಲಿ ಸಡಿಲಗೊಂಡವು.

ಸಭೆಗಳು ಆಗ ಎರಡು ಪಾಠಗಳನ್ನು ಕಲಿತವು. ಮೊದಲನೆಯದು, ದೇಶೀಯ ಸಭಾಪಾಲಕರು ಮತ್ತು ಹಿರಿಯರು ಸಭೆಯನ್ನು ನಡೆಸಬಲ್ಲರು ಎಂಬುದು. ಎರಡನೆಯದು, ಸಣ್ಣ ಸಣ್ಣ ಸಭೆಗಳು ಒಂಟಿಯಾಗಿ ಉಳಿಯುವುದು ಕಷ್ಟ ಎಂಬುದು. ಮಲಬಾರಿನ ಬಾಸೆಲ್ ಸಭೆಗಳು ೧೯೧೯ರಲ್ಲಿ ದಕ್ಷಿಣ ಭಾರತ ಐಕ್ಯಸಭೆಯನ್ನು ಸೇರಿದವು. ಕಾಂಗ್ರಿಗೇಷನಲ್ ಹಾಗೂ ಪ್ರೆಸ್ಬಿಟೇರಿಯನ್ ಮೂಲದ ಸಭೆಗಳು ಕೂಡಿ ೧೯೦೮ರಲ್ಲಿ ಈ ಐಕ್ಯಸಭೆಯನ್ನು ಸ್ಥಾಪಿಸಿದ್ದವು. ಬಾಸೆಲ್ ಮಿಷನರಿಗಳು ೧೯೨೦ರ ದಶಕದಲ್ಲಿ ಮರಳಿ ಬಂದರಾದರೂ ಅವರು ಬಿಟ್ಟುಹೋದ ಸಭೆ ಹಾಗೆಯೇ ಅವರನ್ನು ಕಾದುಕೊಂಡಿರಲಿಲ್ಲ. ೧೯೩೯ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಷನರಿಗಳು ಮತ್ತೊಮ್ಮೆ ಬಂಧನಕ್ಕೆ ಒಳಗಾದರು. ವಿದೇಶಿ ಹಿರಿತನವನ್ನು ನೆಚ್ಚಿಕೊಂಡ ಸಭೆ ಎಷ್ಟು ಅಭದ್ರ ಎಂಬುದು ಒಂದೇ ತಲೆಮಾರಿನಲ್ಲಿ ಎರಡು ಬಾರಿ ಮನವರಿಕೆಯಾಯಿತು.

ಈ ಅವಧಿಯ ದೇಶೀಯ ನಾಯಕತ್ವಕ್ಕೆ ಉತ್ತಂಗಿ ಚನ್ನಪ್ಪನವರು ಒಳ್ಳೆಯ ನಿದರ್ಶನ. ೧೮೮೧ರಲ್ಲಿ ಜನಿಸಿ ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿ ದುಡಿದ ಅವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದರು. ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತು ಬರೆದರು. ೧೯೪೯ರಲ್ಲಿ ಕಲಬುರಗಿಯಲ್ಲಿ ಜರುಗಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕ್ರೈಸ್ತಸಭೆಯ ಸೇವಕನೊಬ್ಬ ಶರಣರ ವಾಙ್ಮಯದ ಅಧಿಕೃತ ವಿದ್ವಾಂಸನೆಂದು ನಾಡಿನ ಮನ್ನಣೆ ಪಡೆದದ್ದು ಗಮನಾರ್ಹ. ಮೋಗ್ಲಿಂಗ್, ಕಿಟ್ಟೆಲ್ಲರು ಹೊರಗಿನವರಾಗಿ ಕನ್ನಡವನ್ನು ಅಭ್ಯಾಸ ಮಾಡಿದ್ದರು. ಉತ್ತಂಗಿಯವರು ಒಳಗಿನವರಾಗಿ, ಸಭೆಯ ಪರಂಪರೆ ಮತ್ತು ನಾಡಿನ ಪರಂಪರೆ ಎರಡಕ್ಕೂ ತಾವು ವಾರಸುದಾರರೆಂಬ ನಿಲುವಿನಿಂದ ಬರೆದರು. ಐಕ್ಯದ ಮಾತು ಕ್ರೈಸ್ತ ಪಂಥಗಳ ಎಲ್ಲೆಯನ್ನು ಮೀರಿ ಹೋಗಬಲ್ಲದೆಂಬುದಕ್ಕೆ ಅವರ ಬದುಕೇ ಸಾಕ್ಷಿ.

೫. ತರಂಗಂಬಾಡಿಯಿಂದ ಮದ್ರಾಸಿಗೆ

ಕನ್ನಡ ಸಭೆಗಳು ಈ ಅನುಭವದ ಮೂಲಕ ಹಾದುಹೋಗುತ್ತಿದ್ದಾಗಲೇ ತಮಿಳುನಾಡಿನ ಕರಾವಳಿಯಲ್ಲಿ ಐಕ್ಯದ ವಿಧಿವತ್ತಾದ ಪ್ರಯತ್ನ ಆರಂಭವಾಯಿತು. ಭಾರತದ ಮೊದಲ ಪ್ರಾಟೆಸ್ಟೆಂಟ್ ಮಿಷನರಿಗಳು ೧೭೦೬ರಲ್ಲಿ ಬಂದಿಳಿದ ತರಂಗಂಬಾಡಿಯಲ್ಲಿ, ೧೯೧೯ರ ಮೇ ತಿಂಗಳಲ್ಲಿ ಆಂಗ್ಲಿಕನ್ ಸಭೆ ಮತ್ತು ದಕ್ಷಿಣ ಭಾರತ ಐಕ್ಯಸಭೆಯ ಸೇವಕರು ಸಮಾವೇಶಗೊಂಡರು. ಅವರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲರೂ ಭಾರತೀಯರು. ೧೯೧೨ರಲ್ಲಿ ದೋರ್ನಕಲ್ಲಿನ ಬಿಷಪ್ಪರಾಗಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಎನಿಸಿದ್ದ ವಿ. ಎಸ್. ಅಜರಯ್ಯ ಈ ಪ್ರಯತ್ನದ ಮುಂಚೂಣಿಯಲ್ಲಿದ್ದರು. ಇಂಗ್ಲೆಂಡ್, ಜರ್ಮನಿ, ಅಮೆರಿಕಗಳ ಚರಿತ್ರೆಯಲ್ಲಿ ಹುಟ್ಟಿದ ಒಡಕುಗಳನ್ನು ಭಾರತದ ಕ್ರೈಸ್ತರು ಏಕೆ ಹೊತ್ತು ತಿರುಗಬೇಕು ಎಂಬುದು ಸಮಾವೇಶದ ಹೇಳಿಕೆಯ ಇಂಗಿತವಾಗಿತ್ತು. ರಾಷ್ಟ್ರೀಯ ಚಳವಳಿಯ ಕಾವು ಏರುತ್ತಿದ್ದ ಆ ವರ್ಷದಲ್ಲಿ ಈ ಪ್ರಶ್ನೆಗೆ ರಾಜಕೀಯ ಧ್ವನಿಯೂ ಇದ್ದುದು ಸಹಜ.

ಇದಕ್ಕೆ ಧಾರ್ಮಿಕ ಆಧಾರವಾಗಿ ನಿಂತದ್ದು ಯೋಹಾನನ ಸುವಾರ್ತೆಯ ೧೭ನೆಯ ಅಧ್ಯಾಯ. ತನ್ನನ್ನು ನಂಬುವವರೆಲ್ಲರೂ ಒಂದಾಗಿರಬೇಕೆಂದು ಯೇಸು ಅಲ್ಲಿ ತಂದೆಯನ್ನು ಪ್ರಾರ್ಥಿಸುತ್ತಾನೆ. ತಂದೆ ಮತ್ತು ಮಗನ ನಡುವಿನ ಒಂದಾಗುವಿಕೆಯೇ ಆ ಐಕ್ಯಕ್ಕೆ ಮಾದರಿ. ಆ ಐಕ್ಯವನ್ನು ಕಂಡು ಲೋಕ ನಂಬಬೇಕು ಎಂಬುದು ಅದರ ಉದ್ದೇಶ. ಆದುದರಿಂದ ಸಭೆಗಳ ಐಕ್ಯ ಆಡಳಿತದ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡಲ್ಲ, ಸಭೆಯ ಸ್ವಭಾವಕ್ಕೇ ಸೇರಿದ್ದು ಎಂಬುದು ಐಕ್ಯವಾದಿಗಳ ನಂಬಿಕೆ.

ಕನ್ನಡದ ಓದುಗನಿಗೆ ಇಲ್ಲಿ ಒಂದು ಪದಸೂಕ್ಷ್ಮ ಗೋಚರಿಸುತ್ತದೆ. ವೀರಶೈವ ಷಟ್‌ಸ್ಥಲದಲ್ಲಿ ಐಕ್ಯವು ಕೊನೆಯ ಸ್ಥಲ. ಅಲ್ಲಿ ಅಂಗವು ಲಿಂಗದಲ್ಲಿ ಬೆರೆತು ಭೇದ ಅಳಿಯುತ್ತದೆ. ಕ್ರೈಸ್ತಸಭೆಯ ಐಕ್ಯದಲ್ಲಿ ಬೆರೆಯುವವು ಅಳಿಯುವುದಿಲ್ಲ. ಒಂದು ದೇಹ, ಹಲವು ಅಂಗಗಳು ಎಂಬ ಪೌಲನ ರೂಪಕವೇ ಇದಕ್ಕೆ ಆಧಾರ. ಕೈ ಕೈಯಾಗಿಯೇ ಉಳಿದು ದೇಹಕ್ಕೆ ಸೇರಿರುತ್ತದೆ. ಪದ ಒಂದೇ ಆದರೂ ಎರಡು ಪರಂಪರೆಗಳಲ್ಲಿ ಅದರ ಅರ್ಥ ಬೇರೆ ಬೇರೆ. ದಕ್ಷಿಣ ಭಾರತ ಸಭೆಯ ಚರಿತ್ರೆಯನ್ನು ಅರಿಯಲು ಈ ಎರಡನೆಯ ಅರ್ಥ ಕೀಲಿಕೈಯಂತಿದೆ.

ತರಂಗಂಬಾಡಿಯ ಹೇಳಿಕೆಯಿಂದ ಐಕ್ಯದ ಉದ್ಘಾಟನೆಯವರೆಗೆ ೨೮ ವರ್ಷಗಳು ಹಿಡಿದವು. ಮೆಥೊಡಿಸ್ಟರೂ ಮಾತುಕತೆಯಲ್ಲಿ ಸೇರಿಕೊಂಡರು. ಐಕ್ಯದ ಯೋಜನೆ ೧೯೨೯ರಲ್ಲಿ ಪ್ರಕಟವಾಗಿ ಅನೇಕ ಬಾರಿ ಪರಿಷ್ಕಾರಗೊಂಡಿತು. ಅಜರಯ್ಯನವರು ಅದರ ಫಲವನ್ನು ಕಾಣದೆ ೧೯೪೫ರ ಜನವರಿ ೧ರಂದು ತೀರಿಕೊಂಡರು. ೧೯೪೭ರ ಸೆಪ್ಟೆಂಬರ್ ೨೭ರಂದು, ದೇಶ ಸ್ವತಂತ್ರವಾದ ಆರು ವಾರಗಳ ಬಳಿಕ, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ದಕ್ಷಿಣ ಭಾರತ ಸಭೆ ಉದ್ಘಾಟನೆಗೊಂಡಿತು. ಅಂದು ಅದರಲ್ಲಿ ೧೪ ಸಭಾಪ್ರಾಂತಗಳಿದ್ದವು. ಅವುಗಳಲ್ಲಿ ಮೈಸೂರು ಒಂದು.

೬. ಬಿಷಪ್ ಪದವಿಯ ಪ್ರಶ್ನೆ

ಈ ದೀರ್ಘ ವಿಳಂಬಕ್ಕೆ ಮುಖ್ಯ ಕಾರಣ ಬಿಷಪ್ ಪದವಿ. ಬೈಬಲ್, ಪ್ರಾಚೀನ ವಿಶ್ವಾಸಪ್ರಮಾಣಗಳು, ದೀಕ್ಷಾಸ್ನಾನ ಮತ್ತು ಪವಿತ್ರ ಭೋಜನ ಎಂಬ ಎರಡು ಸಂಸ್ಕಾರಗಳು, ಪರಂಪರಾಗತ ಬಿಷಪ್ ಪದವಿ ಈ ನಾಲ್ಕು ಅಂಶಗಳು ಯಾವುದೇ ಐಕ್ಯಕ್ಕೆ ಅಗತ್ಯವೆಂದು ಆಂಗ್ಲಿಕನ್ ಬಿಷಪ್ಪರ ಲ್ಯಾಂಬೆತ್ ಸಮ್ಮೇಳನ ೧೮೮೮ರಲ್ಲಿ ಘೋಷಿಸಿತ್ತು. ಮೊದಲ ಮೂರರ ವಿಷಯದಲ್ಲಿ ತೊಡಕು ಕಡಿಮೆ. ನಾಲ್ಕನೆಯದು ಇತರರಿಗೆ ನುಂಗಲಾರದ ತುತ್ತಾಯಿತು. ಅಪೊಸ್ತಲರ ಕಾಲದಿಂದ ಕೈಯಿಂದ ಕೈಗೆ ಬಂದ ಅಧಿಕಾರ ಬಿಷಪ್ಪನಲ್ಲಿ ಮಾತ್ರ ಇದೆಯೆಂದು ಒಪ್ಪಿದರೆ, ಬಿಷಪ್ಪರಿಲ್ಲದೆ ದೀಕ್ಷೆ ಪಡೆದ ತಮ್ಮ ಸಭಾಪಾಲಕರ ಸೇವೆ ಅಸಿಂಧುವೆಂದು ತಾವೇ ಒಪ್ಪಿದಂತಾಗುತ್ತದೆ ಎಂಬುದು ಅವರ ಆತಂಕ. ಹೆಬಿಕ್‌ನಿಂದ ಹಿಡಿದು ಕೌಂಡಿನ್ಯನವರೆಗೆ, ಅಲ್ಲಿಂದ ಉತ್ತಂಗಿಯವರವರೆಗೆ ಎಲ್ಲರ ಸೇವೆಯೂ ಆ ಪ್ರಶ್ನೆಯೊಳಗೆ ಬರುತ್ತಿತ್ತು.

ಕನ್ನಡ ಬೈಬಲಿನ ಪದಪ್ರಯೋಗ ಈ ಚರ್ಚೆಯನ್ನು ಸ್ವಾರಸ್ಯಕರವಾಗಿ ಬಿಂಬಿಸುತ್ತದೆ. ಗ್ರೀಕ್ ಮೂಲದ ಮೂರು ಪದಗಳಿಗೆ ಅಲ್ಲಿ ಸಭಾಧ್ಯಕ್ಷ, ಹಿರಿಯ, ಸಭಾಸೇವಕ ಎಂಬ ಮೂರು ಪದಗಳು ಬಳಕೆಯಾಗಿವೆ. ಬಿಷಪ್, ಪ್ರೆಸ್ಬಿಟರ್, ಡೀಕನ್ ಎಂಬ ಮೂರು ಶ್ರೇಣಿಗಳಿಗೆ ಮೂಲವೂ ಇವೇ. ಆದರೆ ಅಪೊಸ್ತಲರ ಕೃತ್ಯಗಳು ಗ್ರಂಥದ ೨೦ನೆಯ ಅಧ್ಯಾಯದಲ್ಲಿ ಪೌಲನು ಎಫೆಸದ ಸಭೆಯ ಹಿರಿಯರನ್ನು ಕರೆಸಿ, ಅವರನ್ನೇ ಅಧ್ಯಕ್ಷರೆಂದು ಸಂಬೋಧಿಸಿ ಮಾತನಾಡುತ್ತಾನೆ. ಅಧ್ಯಕ್ಷನೂ ಹಿರಿಯನೂ ಮೂಲತಃ ಒಂದೇ ಪದವಿ ಎಂಬ ರಿಫಾರ್ಮ್ಡ್ ವಾದಕ್ಕೆ ಇದು ಆಧಾರ. ಹಿರಿಯರ ಮಂಡಳಿಯ ಆಡಳಿತಕ್ಕೆ ಒಗ್ಗಿದ್ದ ಬಾಸೆಲ್ ಸಭಿಕರಿಗೆ ಬಿಷಪ್ ಎಂಬುದು ಅನುವಾದಗೊಳ್ಳದೆ ಉಳಿದ ಪರಕೀಯ ಪದವಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ದಕ್ಷಿಣ ಭಾರತ ಸಭೆ ಕಂಡುಕೊಂಡ ಪರಿಹಾರವನ್ನು ಮೂರು ಅಂಶಗಳಲ್ಲಿ ಸಂಗ್ರಹಿಸಬಹುದು. ಒಂದು, ಬಿಷಪ್ ಪದವಿಯನ್ನು ಸಂವಿಧಾನಬದ್ಧ ರೂಪದಲ್ಲಿ ಸ್ವೀಕರಿಸಲಾಯಿತು. ಆ ಪದವಿಯ ಬಗೆಗೆ ಯಾವುದೇ ಒಂದು ನಿರ್ದಿಷ್ಟ ವ್ಯಾಖ್ಯಾನವನ್ನು ಸಭಿಕರು ಒಪ್ಪಬೇಕೆಂಬ ಕಡ್ಡಾಯವಿಲ್ಲ. ಬಿಷಪ್ಪರ ಆಯ್ಕೆಯಲ್ಲಿ ಸಭಾಪಾಲಕರು ಮತ್ತು ಸಾಮಾನ್ಯ ಸಭಿಕರ ಪ್ರತಿನಿಧಿಗಳಿರುವ ಸಭಾಪ್ರಾಂತದ ಪರಿಷತ್ತಿಗೂ ಇಡೀ ಸಭೆಯ ಸಿನೊಡ್ಡಿಗೂ ಪಾತ್ರವಿದೆ. ಎರಡು, ಐಕ್ಯದ ದಿನ ಸೇವೆಯಲ್ಲಿದ್ದ ಎಲ್ಲ ಪಂಥಗಳ ಸಭಾಪಾಲಕರನ್ನು ಮರುದೀಕ್ಷೆಯಿಲ್ಲದೆ ಸಮಾನರೆಂದು ಅಂಗೀಕರಿಸಲಾಯಿತು. ಹೊಸ ದೀಕ್ಷೆಗಳೆಲ್ಲವೂ ಬಿಷಪ್ಪರ ಕೈಯಿಂದ ಆಗಬೇಕೆಂದೂ ೩೦ ವರ್ಷಗಳ ಬಳಿಕ ಈ ವಿಷಯವನ್ನು ಮತ್ತೆ ಪರಿಶೀಲಿಸಬೇಕೆಂದೂ ನಿರ್ಧಾರವಾಯಿತು. ಮೂರು, ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ಒಗ್ಗದ ಸೇವಕನನ್ನಾಗಲಿ ಆರಾಧನಾಕ್ರಮವನ್ನಾಗಲಿ ಹೇರುವುದಿಲ್ಲವೆಂಬ ಪ್ರತಿಜ್ಞೆಯನ್ನು ಮಾಡಲಾಯಿತು.

ಈ ಮೂರನೆಯ ಅಂಶ ವಿಶೇಷವಾಗಿ ಗಮನಾರ್ಹ. ಐಕ್ಯವು ನಿಯಮದ ಮೇಲಲ್ಲದೆ ಪರಸ್ಪರ ವಿಶ್ವಾಸದ ಮೇಲೆ ನಿಂತಿತು. ಆರಂಭಕಾಲದಲ್ಲಿ ಬಿಷಪ್ಪರನ್ನು ‘ಮೈಸೂರಿನ ಬಿಷಪ್’ ಎನ್ನದೆ ‘ಮೈಸೂರಿನಲ್ಲಿರುವ ಬಿಷಪ್’ ಎಂಬರ್ಥ ಬರುವಂತೆ ನಿರ್ದೇಶಿಸುತ್ತಿದ್ದುದೂ ಇದೇ ಮನೋಭಾವದ ಕುರುಹು. ಷಷ್ಠೀ ವಿಭಕ್ತಿಯಿಂದ ಸಪ್ತಮಿಗೆ ಆದ ಈ ಬದಲಾವಣೆಯಲ್ಲಿ, ಪ್ರಾಂತದ ಒಡೆಯ ಎಂಬ ಭಾವನೆ ಹಿಂದೆ ಸರಿದು ಪ್ರಾಂತದೊಳಗಿನ ಸೇವಕ ಎಂಬ ಭಾವನೆ ಮುಂದೆ ಬಂದಿದೆ.

೭. ಐಕ್ಯದ ಅನಂತರ

ಮಲಬಾರ್ ಮತ್ತು ದಕ್ಷಿಣ ಕನ್ನಡದ ಸಭೆಗಳಂತೆಯೇ ಉತ್ತರ ಕರ್ನಾಟಕದ ಬಾಸೆಲ್ ಸಭೆಗಳೂ ತಡವಾಗಿಯಾದರೂ ದಕ್ಷಿಣ ಭಾರತ ಸಭೆಯ ಅಂಗಗಳಾದವು. ೧೯೭೦ರಲ್ಲಿ ಮೈಸೂರು ಸಭಾಪ್ರಾಂತವು ಕರ್ನಾಟಕ ಉತ್ತರ, ಮಧ್ಯ ಮತ್ತು ದಕ್ಷಿಣ ಎಂದು ಮೂರಾಗಿ ವಿಂಗಡಣೆಗೊಂಡಿತು. ಧಾರವಾಡ, ಬೆಂಗಳೂರು ಮತ್ತು ಮಂಗಳೂರು 이ವುಗಳ ಕೇಂದ್ರಗಳು. ಮಂಗಳೂರಿನ ಬಲ್ಮಠದ ಸೆಮಿನರಿಯೂ ಹಲವು ಮಿಷನ್ನುಗಳು ಕೂಡಿ ನಡೆಸುತ್ತಿದ್ದ ತುಮಕೂರಿನ ಕನ್ನಡ ಸೆಮಿನರಿಯೂ ಸೇರಿ ೧೯೬೫ರಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಸ್ಥಾಪನೆಯಾಯಿತು. ಬೇರೆ ಬೇರೆ ಪರಂಪರೆಗಳ ಸಭಾಪಾಲಕರು ಒಂದೇ ಕೊಠಡಿಯಲ್ಲಿ ಕನ್ನಡದಲ್ಲಿ ದೇವಶಾಸ್ತ್ರ ಕಲಿಯುವಂತಾದದ್ದು ಐಕ್ಯವನ್ನು ಕಾಗದದಿಂದ ಬದುಕಿಗೆ ತಂದ ಕ್ರಮಗಳಲ್ಲಿ ಒಂದು.

ಆರಾಧನೆಯಲ್ಲಿಯೂ ಇದೇ ಬಗೆಯ ಕೂಡುವಿಕೆ ಕಾಣುತ್ತದೆ. ೧೯೫೦ರಲ್ಲಿ ಬಳಕೆಗೆ ಬಂದ ಪವಿತ್ರ ಭೋಜನದ ಹೊಸ ಕ್ರಮದಲ್ಲಿ, ಕೇರಳದ ಸಿರಿಯನ್ ಪರಂಪರೆಯಿಂದ ಪಡೆದ ಸಮಾಧಾನ ವಿನಿಮಯದ ವಿಧಿಯನ್ನು ಅಳವಡಿಸಲಾಯಿತು. ಸೇವಕನು ನೀಡಿದ ಸಮಾಧಾನವನ್ನು ಸಭಿಕರು ಕೈಯಿಂದ ಕೈಗೆ ದಾಟಿಸುತ್ತ ಹೋಗುವ ವಿಧಿ ಇದು. ಮುಟ್ಟುವಿಕೆಯ ಸುತ್ತ ಕಟ್ಟಳೆಗಳನ್ನು ಕಟ್ಟಿಕೊಂಡ ಸಮಾಜದಲ್ಲಿ ಪಕ್ಕದವನ ಕೈಯನ್ನು ಹಿಡಿಯುವುದು ಕೇವಲ ಸಾಂಕೇತಿಕ ಕ್ರಿಯೆಯಾಗಿ ಉಳಿಯುವುದಿಲ್ಲ. ಜೊತೆಗೆ ಹಳೆಯ ಜರ್ಮನ್ ರಾಗಗಳ ಕನ್ನಡ ಸಂಗೀತಗಳು, ಹಿರಿಯರ ಮಂಡಳಿ, ದೃಢೀಕರಣದ ಬೋಧನೆ ಇವು ಬಾಸೆಲ್ ಮೂಲದ ಸಭೆಗಳಲ್ಲಿ ಮುಂದುವರಿದವು. ದೇಹಕ್ಕೆ ಸೇರಿದರೂ ಅಂಗ ತನ್ನ ರೂಪ ಕಳೆದುಕೊಳ್ಳಲಿಲ್ಲ.

ಹಿರಿತನದ ವ್ಯಾಪ್ತಿ ಇನ್ನೊಂದು ದಿಕ್ಕಿನಲ್ಲಿಯೂ ವಿಸ್ತರಿಸಿತು. ೧೯೭೬ರಲ್ಲಿ ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಸಭಾಪಾಲಕಿಗೆ ದೀಕ್ಷೆಯಾಯಿತು. ೨೦೧೩ರಲ್ಲಿ ಆಂಧ್ರಪ್ರದೇಶದ ನಂದ್ಯಾಲ ಸಭಾಪ್ರಾಂತಕ್ಕೆ ಇ. ಪುಷ್ಪಲಲಿತಾ ಬಿಷಪ್ಪರಾದರು. ಬೈಬಲಿನ ‘ಹಿರಿಯ’ ಪುಲ್ಲಿಂಗ ಪದವಾಗಿಯೇ ಉಳಿಯಬೇಕಿಲ್ಲ ಎಂದು ಸಭೆ ಒಪ್ಪಿಕೊಳ್ಳುವುದಕ್ಕೆ ಇಷ್ಟು ಕಾಲ ಬೇಕಾಯಿತು.

ಆದರೆ ಐಕ್ಯ ಎಲ್ಲವನ್ನೂ ಸಾಧಿಸಿತೆಂದು ಹೇಳಲಾಗದು. ಲೂಥರನ್ ಮತ್ತು ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಬಹುಪಾಲು ಹೊರಗೇ ಉಳಿದವು. ಬ್ರಿಟಿಷ್ ಮೂಲದ ಮೆಥೊಡಿಸ್ಟರು ಐಕ್ಯಕ್ಕೆ ಬಂದರೂ ಅಮೆರಿಕನ್ ಮೂಲದ ಮೆಥೊಡಿಸ್ಟರು ಬರಲಿಲ್ಲ; ಕರ್ನಾಟಕದಲ್ಲಿ ಇಂದಿಗೂ ಅವರದು ಪ್ರತ್ಯೇಕ ಸಭೆ. ಒಳಗೆ ಬಂದ ಸಭೆಗಳಲ್ಲಿಯೂ ಜಾತಿಯ ನೆನಪು, ಪ್ರದೇಶಾಭಿಮಾನ, ಮೂಲ ಮಿಷನ್ನಿನ ಹೆಮ್ಮೆಗಳು ಚುನಾವಣೆಯ ಸಂದರ್ಭದಲ್ಲಿ ತಲೆಯೆತ್ತುವುದುಂಟು. ಮಿಷನ್ನುಗಳು ಬಿಟ್ಟುಹೋದ ಜಮೀನು, ಶಾಲೆ, ಆಸ್ಪತ್ರೆಗಳ ನಿರ್ವಹಣೆ ಬಿಷಪ್ ಪದವಿಯೊಡನೆ ತಳುಕು ಹಾಕಿಕೊಂಡದ್ದರಿಂದ ಆ ಪದವಿಗಾಗಿ ಪೈಪೋಟಿ ಹೆಚ್ಚಿತು. ದಕ್ಷಿಣ ಭಾರತ ಸಭೆಯ ಚುನಾವಣೆ ಮತ್ತು ಆಸ್ತಿಯ ತಕರಾರುಗಳು ನ್ಯಾಯಾಲಯದ ಮೆಟ್ಟಿಲೇರಿವೆ. ೧೯ನೆಯ ಶತಮಾನದಲ್ಲಿ ಮಿಷನರಿಯಲ್ಲಿ ಸಂಗಮಿಸಿದ್ದ ಧಾರ್ಮಿಕ ಮತ್ತು ಆರ್ಥಿಕ ಅಧಿಕಾರಗಳು ಬೇರೊಂದು ರೂಪದಲ್ಲಿ ಮರಳಿ ಒಂದೆಡೆ ಸೇರಿದ್ದರ ಪರಿಣಾಮ ಇದು ಎಂದು ಅರ್ಥೈಸಬಹುದು. ಸಭೆಯ ಹಿರಿಯನಿಗೆ ಜಮೀನಿನ ಬಲ ಬೇಕಿಲ್ಲ ಎಂಬ ಮೊದಲ ತಲೆಮಾರಿನ ಪಲ್ಲಟಕ್ಕೆ ಇದು ವಿರುದ್ಧ ದಿಕ್ಕಿನ ಚಲನೆ.

ಉಪಸಂಹಾರ

ಬಾಸೆಲ್ ಮಿಷನ್ ಪರಂಪರೆಯ ಕನ್ನಡ ಸಭೆಗಳ ಚರಿತ್ರೆಯಲ್ಲಿ ಐಕ್ಯವು ಮೂರು ನೆಲೆಗಳಲ್ಲಿ ಕಾಣಿಸಿಕೊಂಡಿದೆ. ಜಾತಿಗಳನ್ನು ದಾಟಿ ಒಂದೇ ಪಾತ್ರೆಯನ್ನು ಹಂಚಿಕೊಂಡದ್ದು ಮೊದಲನೆಯದು. ಕನ್ನಡದ ಮೂಲಕ ದೂರದ ಊರುಗಳ ಸಭೆಗಳು ಒಂದು ಧಾರ್ಮಿಕ ಭಾಷೆಯನ್ನು ಪಡೆದದ್ದು ಎರಡನೆಯದು. ಪಂಥಗಳ ಎಲ್ಲೆ ದಾಟಿ ಒಂದು ಸಭೆಯಾದದ್ದು ಮೂರನೆಯದು. ಈ ಮೂರೂ ನೆಲೆಗಳಲ್ಲಿ ಹಿರಿತನದ ಸ್ವರೂಪ ಬದಲಾಗಿದೆ. ಮನೆತನದ ಹಿರಿತನದಿಂದ ನಡತೆಯ ಹಿರಿತನಕ್ಕೆ, ವಿದೇಶಿ ಹಿರಿತನದಿಂದ ದೇಶೀಯ ಹಿರಿತನಕ್ಕೆ, ಪ್ರಶ್ನಾತೀತ ಹಿರಿತನದಿಂದ ಸಂವಿಧಾನಬದ್ಧ ಹಿರಿತನಕ್ಕೆ ಅದು ಸಾಗಿಬಂದಿದೆ. ಹಿರಿತನವು ಸೇವೆಯಾಗಿ ಉಳಿದಾಗ ಐಕ್ಯ ಬಲಗೊಂಡಿದೆ. ಅದು ಸೊತ್ತಾದಾಗ ಐಕ್ಯ ಹೆಸರಿಗೆ ಮಾತ್ರ ಉಳಿದಿದೆ. ಸಭಾಧ್ಯಕ್ಷ, ಹಿರಿಯ, ಸಭಾಸೇವಕ ಎಂಬ ಮೂರು ಕನ್ನಡ ಪದಗಳಲ್ಲಿ ಕೊನೆಯದರ ಅರ್ಥ ಮೊದಲೆರಡರಲ್ಲಿಯೂ ಇರಬೇಕೆಂಬುದು ಈ ಪರಂಪರೆಯ ಮೂಲ ಆಶಯ. ನಿಘಂಟು ಮತ್ತು ಪತ್ರಿಕೆಗಳ ಜೊತೆಗೆ ಈ ಪದಗಳ ಬದುಕನ್ನೂ ಅಧ್ಯಯನಕ್ಕೆ ಒಳಪಡಿಸಿದಾಗ ಕನ್ನಡ ನಾಡಿನ ಕ್ರೈಸ್ತ ಸಮುದಾಯದ ಚರಿತ್ರೆ ಹೆಚ್ಚು ಪೂರ್ಣವಾಗಿ ತಿಳಿದುಬರುತ್ತದೆ.